ಮೂರು ಹಾವು, ಎರಡು ದಿಂಬಿನ ಕವರು

ಹಾವುಗಳನ್ನು ಗಿಡ್ಡ ಮಾಡಿಯೇ ತೀರುತ್ತೇನೆ ಎಂದು ನಾನು ಪಣ ತೊಟ್ಟದ್ದು ಇಪ್ಪತ್ತಮೂರು ವರ್ಷಗಳ ಹಿಂದೆ, ಎನಿಡ್ ಊರಿನ ನಮ್ಮ ಅಡುಗೆಮನೆಯಲ್ಲಿ, ಬಾಯಿ ತುಂಬ ಜೋಳದ ಬ್ರೆಡ್ಡು ಇಟ್ಟುಕೊಂಡು. ಆಗ ಅಮೆರಿಕದ ನಮ್ಮ ಓಕ್ಲಹೋಮ ರಾಜ್ಯದಲ್ಲಿ ನನ್ನಂಥ ಹಾವಿನ ಹುಚ್ಚರಿಗೆ ಬರವಿರಲಿಲ್ಲ. ಆದರೆ ಎಲ್ಲರ ಬಳಿಯಿದ್ದ, ಹೆಬ್ಬಾವಿನಂಥ ಬೋವಾ ಹಾವೂ ಆರಡಿ, ಎಲ್ಲವೂ ಕಂದು. ನನ್ನವು ಮೂರಡಿ ದಾಟಬಾರದು, ಕಿತ್ತಳೆ ಬಣ್ಣದಲ್ಲಿ ಹೊಳೆಯಬೇಕು! ಸಾಕ್ಷಾತ್ ಸೃಷ್ಟಿಕರ್ತನ ಕೆಲಸಕ್ಕೇ ಕೈ ಹಾಕಿದ್ದೆ.

ಅದಕ್ಕೊಂದು ಕೋಣೆ ಬೇಕಿತ್ತು. ಇದ್ದದ್ದು ನನ್ನ ಹೆಂಡತಿ ನಾಡೀನ್‌ಳ ಹೊಲಿಗೆ ಕೋಣೆ ಒಂದೇ.

"ಒಂದು ವರ್ಷ ಕೊಡ್ತೀನಿ ವರ್ಲಿನ್. ಚಿಕ್ಕ ಮರಿ, ಹೊಸ ಬಣ್ಣ ಬಂದ್ರೆ ಕೋಣೆ ನಿಂದು. ಇಲ್ದಿದ್ರೆ ಹಾವು ಆಚೆ, ನನ್ನ ಮೆಷೀನು ಒಳಗೆ."

"ಬರದೆ ಏನು? ಜೋಡಿ ಆರಿಸೋನು ನಾನು."

"ನಂಗೆ ಭಯ ಇರೋದೇ ಅದು."

ವಧು ಡೈಸಿ, ದ್ವೀಪದ ಗಿಡ್ಡ ತಳಿ. ವರ ಪೀಚ್, ಹೆಸರಿಗೆ ತಕ್ಕಂತೆ ಪೀಚ್ ಹಣ್ಣಿನ ಕಿತ್ತಳೆ ಬಣ್ಣ. ಮೂರನೆಯದು ಡೀಕನ್, ಕಂದು ಬಣ್ಣದ ಆರಡಿ ಗಂಡು. ಮದುವೆಗೆ ಮುಂಚಿನಿಂದ ನನ್ನ ಜೊತೆಗಿದ್ದವನು, ಬಿಡಲು ಮನಸ್ಸಾಗಿರಲಿಲ್ಲ.

ಜನವರಿಯಲ್ಲಿ ಹಿಮದ ಮಳೆ ಸುರಿದು ಕರೆಂಟಿನ ತಂತಿಗಳೆಲ್ಲ ಕಡಿದುಬಿದ್ದವು. ಹಾವಿನ ಪೆಟ್ಟಿಗೆಗಳು ತಣ್ಣಗಾದವು. ಬೆಚ್ಚಗಿದ್ದದ್ದು ಅಡುಗೆಮನೆಯ ಗ್ಯಾಸ್ ಒಲೆಯ ಪಕ್ಕ ಮಾತ್ರ. ಹಾವು ಸಾಕುವವರು ಹಾವನ್ನು ಸಾಗಿಸುವುದು ದಿಂಬಿನ ಕವರಿನಲ್ಲಿ. ನನಗೆ ಮೂರು ಬೇಕಿತ್ತು.

"ಹಳೇವು ಎರಡಿದಾವೆ, ತಗೋ," ಅಂದಳು ನಾಡೀನ್. "ಉಳಿದಿರೋದು ನಮ್ಮಮ್ಮ ಕಸೂತಿ ಹಾಕಿಕೊಟ್ಟದ್ದು. ಅದರೊಳಗೆ ಹಾವು ಹೋದ್ರೆ ಅದರ ಹಿಂದೆ ನೀನೂ ಹೋಗ್ತೀಯ."

ಆಗ ನನ್ನ ಬುದ್ಧಿ ಚುರುಕಾಯಿತು. ಡೈಸಿ, ಪೀಚ್‌ಗೆ ಫೆಬ್ರವರಿಯಲ್ಲಿ ಮುಹೂರ್ತ ಇಟ್ಟು ಕ್ಯಾಲೆಂಡರಿನಲ್ಲಿ ಬರೆದಿದ್ದೆ. ಅದಕ್ಕೆ ಮುಂಚೆ ಇಬ್ಬರೂ ಒಂದೇ ಚೀಲದಲ್ಲಿರುವುದು ಶಿಸ್ತಲ್ಲ. ಎರಡು ಗಂಡು ಒಟ್ಟಿಗಿದ್ದರೆ ಕಚ್ಚಾಡುತ್ತವೆ. ಡೀಕನ್ ವಯಸ್ಸಾದವನು, ಸಭ್ಯ. ಡೈಸಿಯನ್ನು ಅವನ ಚೀಲಕ್ಕೆ ಇಳಿಸಿದೆ.

ಐದು ದಿನ ಕರೆಂಟು ಬರಲಿಲ್ಲ. ನಾವಿಬ್ಬರೂ ಒಂದೇ ರಜಾಯಿ ಹೊದ್ದು, ಡಬ್ಬಿಯ ಹುರುಳಿಕಾಯಿ ಬಿಸಿ ಮಾಡಿಕೊಂಡು ತಿಂದೆವು. ಇಸ್ಪೀಟಿನಲ್ಲಿ ನಾಡೀನ್ ಮೋಸ ಮಾಡಿ ಗೆದ್ದಳು, ನಾನು ಕಂಡೂ ಮುಂದಿನ ಆಟಕ್ಕೆ ಎಲೆ ಹಂಚಿದೆ. ನಮ್ಮ ಸಂಸಾರದಲ್ಲಿ ಅಷ್ಟು ಸುಖದ ದಿನಗಳು ಮತ್ತೆ ಬರಲಿಲ್ಲ. ಒಲೆಯ ಪಕ್ಕದ ಚೀಲ ಆಗಾಗ ಅಲುಗುತ್ತಿತ್ತು. ಪಾಪ, ಚಳಿ ಎಂದುಕೊಂಡೆ.

ಚಳಿ ತಾಗಿ ಆಮೇಲೆ ಬಿಸಿ ಸಿಕ್ಕರೆ ಬೋವಾಗೆ ಮದುವೆಯ ಮನಸ್ಸಾಗುತ್ತದೆ. ಈ ಮಾತನ್ನು ಹೊಲಿಗೆ ಕೋಣೆಯ ಗೋಡೆಗೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದವನು ನಾನೇ.

ಫೆಬ್ರವರಿಯಲ್ಲಿ ಪೀಚ್‌ನನ್ನು ಡೈಸಿಯ ಪೆಟ್ಟಿಗೆಯೊಳಗೆ ಬಿಟ್ಟರೆ ಅವಳು ಅವನ ಕಡೆ ತಿರುಗಿಯೂ ನೋಡಲಿಲ್ಲ. ನಾಚಿಕೆ ಎಂದುಕೊಂಡೆ. ಬೋವಾ ಮೊಟ್ಟೆ ಇಡುವುದಿಲ್ಲ; ಜುಲೈನಲ್ಲಿ ಡೈಸಿ ಹನ್ನೊಂದು ಮರಿ ಹಾಕಿದಳು. ಹನ್ನೊಂದೂ ಕಂದು, ಹನ್ನೊಂದೂ ದಷ್ಟಪುಷ್ಟ.

ನಾಡೀನ್ ಬಗ್ಗಿ ನೋಡಿದಳು. "ಎಲ್ಲಕ್ಕೂ ಡೀಕನ್ ಮುಖ."

"ಬೆಳಕು ಸರಿಯಾಗಿ ಬೀಳ್ತಿಲ್ಲ ಕಣೆ."

"ಬೆಳಕು ಯಾಕೆ? ದಿಂಬಿನ ಕವರು ನೆನಪಿದ್ರೆ ಸಾಕು."

ಹಾವುಗಳು ಗೆಳೆಯರ ಮನೆ ಸೇರಿದವು. ಡೀಕನ್‌ನನ್ನು ಕಳಿಸಿದ ದಿನ ನಾನು ಊಟ ಮಾಡಲಿಲ್ಲ. ಹೊಲಿಗೆ ಮೆಷೀನು ಕೋಣೆಗೆ ಮರಳಿತು. ಒಂದು ಮರಿಯನ್ನು ಮಾತ್ರ ನಾಡೀನ್ ತಾನೇ ಇಟ್ಟುಕೊಂಡಳು. "ಇದೊಂದಿರ್ಲಿ. ಚಿಕ್ಕದಾಗೇ ಇರ್ತೀನಿ ಅಂತ ಇದು ನಂಗೆ ಸುಳ್ಳು ಹೇಳಿಲ್ಲ." ಅದೀಗ ಆರಡಿ ಬೆಳೆದು ಅವಳ ಮೆಷೀನಿನ ಪಕ್ಕ ಮಲಗುತ್ತದೆ. ನನಗೆ ಆ ಕೋಣೆಯಲ್ಲಿ ಕುರ್ಚಿಯೂ ಇಲ್ಲ.

ಹೋದ ವಾರ ಆಸ್ಪತ್ರೆಯಲ್ಲಿ ನರ್ಸಮ್ಮ ನನ್ನ ಎತ್ತರ ಅಳೆದು, ಎರಡು ಇಂಚು ಕಡಿಮೆಯಾಗಿದೆ ಎಂದರು. ಮನೆಗೆ ಬಂದು ಬೇಜಾರಿನಲ್ಲಿ ಹೇಳಿಕೊಂಡೆ. ನಾಡೀನ್ ಮೆಷೀನು ನಿಲ್ಲಿಸಿ, ಒಂದು ಕಾಲದಲ್ಲಿ ಕೆಂಪು ಕೂದಲಿದ್ದು ಈಗ ಬೆಳ್ಳಗಾದ ನನ್ನ ತಲೆಯನ್ನು ನೋಡಿದಳು.

"ಸರಿ, ಗೆದ್ದೆ ಬಿಡು. ಈ ಮನೇಲಿ ಸಾಕಿದ್ದರಲ್ಲಿ ಒಂದಾದರೂ ಗಿಡ್ಡಾಯ್ತು, ಬಣ್ಣಾನೂ ಬದಲಾಯ್ತು. ಕುರ್ಚಿ ತಗೊಂಡು ಒಳಗೆ ಬಾ."