ತಟ್ಟೆ ನಿಮ್ಮದು, ಊಟ ನಮ್ಮದು

ನನ್ನ ಅತ್ತೆ ಯಮುನಮ್ಮನವರು ನಾನು ಮಾತಾಡುವಾಗ ಕಣ್ಣು ಮುಚ್ಚಿ ಕೂರುತ್ತಾರೆ. ಇದನ್ನು ನಾನು ಬಹುಕಾಲ ಏಕಾಗ್ರತೆ ಎಂದೇ ತಿಳಿದಿದ್ದೆ. ಭೂಮಿ ಬಿಸಿಯಾಗುತ್ತಿರುವುದರ ಬಗ್ಗೆ, ಪ್ಲಾಸ್ಟಿಕ್ಕು ಮಣ್ಣಾಗದಿರುವುದರ ಬಗ್ಗೆ ನಾನು ಜಗಲಿಯಲ್ಲಿ ಗಂಟೆಗಟ್ಟಲೆ ಹೇಳುತ್ತಿದ್ದರೆ ಅವರು ಕಣ್ಣು ಮುಚ್ಚಿಕೊಂಡೇ ನಡುನಡುವೆ ತಲೆದೂಗುತ್ತಿದ್ದರು. "ನೋಡು, ನಿಮ್ಮಮ್ಮನಿಗಿರುವ ಕಾಳಜಿ ನಿನಗಿಲ್ಲ" ಎಂದು ಹೆಂಡತಿ ಸುಮನಾಳನ್ನು ಹಂಗಿಸುತ್ತಿದ್ದೆ. ಒಂದು ಸಂಜೆ ನಾನು ಭಾಷಣ ಮುಗಿಸಿ ಎದ್ದ ಮೇಲೂ ತಲೆದೂಗುವುದು ನಿಲ್ಲಲಿಲ್ಲ. ಸುಮನಾ ಬಂದು ಅವರ ಭುಜ ಅಲುಗಾಡಿಸಿ, "ಅಮ್ಮಾ, ಏಳು, ಮುಗೀತಂತೆ" ಎಂದಾಗ ನನಗೆ ಜ್ಞಾನೋದಯವಾಯಿತು. ಭಾಷಣವನ್ನೇನೂ ಬಿಡಲಿಲ್ಲ. ಕೇಳುಗರನ್ನು ಬದಲಾಯಿಸಿದೆ.

ಹಾಗೆ ಹುಟ್ಟಿದ್ದು ರಿಪ್ಪನ್‌ಪೇಟೆಯ 'ಹಸಿರು ಬಳಗ'. ಅದರ ಸ್ಥಾಪಕ ನಾನು, ಅಧ್ಯಕ್ಷ ನಾನು, ಮಳೆಗಾಲದಲ್ಲಿ ಏಕೈಕ ಸದಸ್ಯನೂ ನಾನೇ. ನಮ್ಮೂರಲ್ಲಿ ಪರಿಸರ ಎಂದರೆ ಜನರಿಗೆ ಮೊದಲು ನೆನಪಾಗುವುದು ರವಿಶಂಕರ ಎಂಬ ನನ್ನ ಹೆಸರೇ. (ಕೆಲವರಿಗೆ ಅದರ ಜೊತೆಗೇ ರಸ್ತೆಯ ಆಚೆ ಬದಿಯಲ್ಲಿ ತುರ್ತು ಕೆಲಸವೂ ನೆನಪಾಗುತ್ತದೆ.)

ಬಳಗದ ಮುಖ್ಯ ಶತ್ರು ನಮ್ಮ ಮನೆಯ ಪಕ್ಕದಲ್ಲೇ ಇತ್ತು. ಅದು ಸಭಾಭವನ. ಅಲ್ಲಿ ಪ್ರತಿ ಸಮಾರಂಭದ ಮರುದಿನ ಉಂಡು ಬಿಸಾಕಿದ ತಟ್ಟೆಗಳನ್ನು ಹಿತ್ತಲಲ್ಲಿ ಗುಡ್ಡೆ ಹಾಕಿ ಸುಡುತ್ತಿದ್ದರು. ಬಾಳೆ ಎಲೆಯ ಚಿತ್ರ ಅಚ್ಚು ಹಾಕಿ, ಮೇಲೆ ಪ್ಲಾಸ್ಟಿಕ್ಕು ಬಳಿದ ಕಾಗದದ ತಟ್ಟೆಗಳು ಅವು. ದೂರದಿಂದ ಎಲೆ, ಹತ್ತಿರದಿಂದ ಕಾಗದ, ಉರಿದರೆ ವಿಷ. ಆ ಹೊಗೆ ಗಾಳಿಯಲ್ಲಿ ತೇಲಿ ನೇರ ನಮ್ಮ ಅಡುಗೆಮನೆಗೆ ಬರುತ್ತಿತ್ತು. ಪಕ್ಕದಲ್ಲಿ ಯಾರ ಮದುವೆಯಾದರೂ ಕಣ್ಣೀರು ಮಾತ್ರ ನಮ್ಮದು.

ಹೀಗಿರುವಾಗ ನಮ್ಮ ಮಗಳು ಲಿಖಿತಾಳ ನಿಶ್ಚಿತಾರ್ಥ ಅದೇ ಸಭಾಭವನದಲ್ಲಿ ನಿಗದಿಯಾಯಿತು. ಹುಡುಗ ದೀಪಕ್, ತೀರ್ಥಹಳ್ಳಿಯ ಕೆರಿಯಪ್ಪನವರ ಮಗ. ಒಳ್ಳೆಯ ಮನೆ, ಒಳ್ಳೆಯ ಜನ. ಊರಿಗೆಲ್ಲ ಮೇಲ್ಪಂಕ್ತಿ ಹಾಕಿಕೊಡಲು ವಿಧಿಯೇ ನನಗೆ ವೇದಿಕೆ ಒದಗಿಸಿತ್ತು. ರಾತ್ರಿ ಊಟಕ್ಕೆ ಕೂತಾಗ ಘೋಷಿಸಿದೆ.

"ನಮ್ಮ ಕಾರ್ಯಕ್ರಮದಲ್ಲಿ ಎಸೆಯುವ ತಟ್ಟೆ ಇಲ್ಲ. ಬರುವವರು ಮನೆಯಿಂದಲೇ ತಟ್ಟೆ ಲೋಟ ತರಬೇಕು. ಉಂಡು, ತೊಳೆದುಕೊಂಡು, ಒಯ್ಯಬೇಕು."

ಸುಮನಾ ಸಾರಿನ ಸೌಟನ್ನು ಪಾತ್ರೆಗೇ ವಾಪಸ್ ಇಳಿಸಿದಳು. "ಬೀಗರೂ ತರಬೇಕಾ?"

"ಬೀಗರು ಭೂಮಿಯ ಮೇಲಿಲ್ಲವಾ?"

"ಇದಾರೆ. ಅವರ ಮನೆಗೆ ನಮ್ಮ ಹುಡುಗಿ ಹೋಗ್ಬೇಕು. ಈ ಸಂಬಂಧ ಮುರಿದ್ರೆ ನಿಮ್ಮ ಭೂಮಿ ತಣ್ಣಗಿದ್ದು ನಂಗೆ ಎಂತ ಆಗ್ಬೇಕು?"

ಅತ್ತೆ ತಲೆಯೆತ್ತದೆ ಹೇಳಿದರು. "ಎಲೆ ತರಿಸಿ ಅಳಿಯಂದ್ರೆ. ಬಾಳೆ ಎಲೆ."

ನಾನು ನಕ್ಕೆ. ಬಾಳೆ ಎಲೆ ಹಾಕಿದವನನ್ನು ಯಾರು ನೆನಪಿಡುತ್ತಾರೆ? ಎಲೆಯಲ್ಲಿ ಊಟವಿದೆ, ಸಂದೇಶ ಎಲ್ಲಿದೆ? ಆಮಂತ್ರಣ ಪತ್ರಿಕೆಯ ಕೆಳಗೆ ದಪ್ಪ ಅಕ್ಷರದಲ್ಲಿ ಹಾಕಿಸಿದೆ: 'ತಟ್ಟೆ ನಿಮ್ಮದು, ಊಟ ನಮ್ಮದು. ಬರುವಾಗ ತಟ್ಟೆ ಲೋಟ ತನ್ನಿ, ಪರಿಸರ ಉಳಿಸಿ.' ಬೀಗರಿಗೆ ಫೋನ್ ಮಾಡಿ ಬಾಯಿಬಿಟ್ಟೂ ಹೇಳಿದೆ. ಆ ಕಡೆಯಿಂದ "ಎಂತ ತರ್ಬೇಕು?" ಎಂಬ ಪ್ರಶ್ನೆ ಎರಡು ಸಲ ಬಂತು. ಆಮೇಲೆ ಕೆರಿಯಪ್ಪನವರು, "ಆಯ್ತು ಬೀಗ್ರೆ. ತರೋಣ ಅದಕ್ಕೇನು" ಎಂದರು. ಆ ಎರಡು ಪ್ರಶ್ನೆಗಳನ್ನು ನಾನು ಮೆಚ್ಚುಗೆಯ ಲೆಕ್ಕಕ್ಕೆ ಸೇರಿಸಿದೆ.

ನಿಶ್ಚಿತಾರ್ಥದ ದಿನ ಬೆಳಿಗ್ಗೆ ಸಭಾಭವನದ ಬಾಗಿಲಲ್ಲಿ ನಿಂತೆ. ಮೊದಲ ಬಸ್ಸಿನಿಂದ ಇಳಿದವರ ಕೈಗಳನ್ನು ನೋಡಿ ನನ್ನ ಎದೆ ಉಬ್ಬಿತು. ಎಲ್ಲರ ಕೈಯಲ್ಲೂ ತಟ್ಟೆಯ ಆಕಾರದ ಏನೋ ಇತ್ತು! ನಗರದ ಕಡೆಯ ನೆಂಟರು, ಹೊಸನಗರದವರು, ಅಕ್ಕಪಕ್ಕದವರು, ಒಬ್ಬರೂ ಬರಿಗೈಲಿ ಬರಲಿಲ್ಲ. ಒಬ್ಬ ಸಾಮಾನ್ಯ ನಾಗರಿಕ ಒಂದು ಸಾಲಿನಿಂದ ಇಡೀ ಸಮಾಜವನ್ನು ತಿದ್ದಿದ್ದ. ಆದರೆ ಉಬ್ಬಿದ ಎದೆ ಇಳಿಯುವ ಮೊದಲೇ ಕಣ್ಣಿಗೆ ಇನ್ನೊಂದು ವಿಷಯ ಬಿತ್ತು. ಪ್ರತಿಯೊಂದು ತಟ್ಟೆಯೂ ಮಿರಮಿರ ಮಿಂಚುವ ಪ್ಲಾಸ್ಟಿಕ್ ಹಾಳೆಯೊಳಗಿತ್ತು. ಮೇಲೆ ಪ್ಲಾಸ್ಟಿಕ್ಕಿನ ಹೂವು. ಕೆಲವಕ್ಕೆ ಥರ್ಮಾಕೋಲಿನ ಡಬ್ಬಿ ಬೇರೆ.

ಎರಡನೆಯ ಬಸ್ಸಿನಲ್ಲಿ ಬಂದ ಕೆರಿಯಪ್ಪನವರನ್ನು ಪಕ್ಕಕ್ಕೆ ಕರೆದೆ. ಅವರ ಕಂಕುಳಲ್ಲೇ ಎಲ್ಲಕ್ಕಿಂತ ದೊಡ್ಡ ಪೊಟ್ಟಣವಿತ್ತು.

"ಬೀಗ್ರೆ, ಮನೇಲಿರೋ ತಟ್ಟೆ ತನ್ನಿ ಅಂದಿದ್ದೆ ನಾನು."

"ಛೆ ಛೆ, ಉಂಡ ತಟ್ಟೆ ಹಿಡ್ಕೊಂಡು ಶುಭಕಾರ್ಯಕ್ಕೆ ಬರೋಕಾಗುತ್ತಾ? ಹೊಸಾದೇ ತಂದ್ವಿ. ಹೆಸರೂ ಹಾಕಿಸಿದೀವಿ. ನಮ್ಮೂರ ಪಾತ್ರೆ ಅಂಗಡೀಲಿ ಈಗ ಒಂದು ತಟ್ಟೆ ಉಳಿದಿಲ್ಲ ನೋಡಿ!"

"ಒಳ್ಳೇದಾಯ್ತು. ಉಂಡಮೇಲೆ ನೀವೇ ವಾಪಸ್—"

"ಹೊಸಾ ಪಾತ್ರೆ ಶುಭದ ಮನೆಗೆ ತಂದು ವಾಪಸ್ ಒಯ್ಯೋದಾ? ನಿಮ್ಮ ಕಡೆ ಹಂಗೆ ಮಾಡ್ತಾರಾ?" ಕೆರಿಯಪ್ಪನವರ ಹುಬ್ಬು ಮೇಲೇರಿತು. ನಮ್ಮ ಕಡೆಯೂ ಹಾಗೆ ಮಾಡುವುದಿಲ್ಲ. ಮಾಡುವುದಿಲ್ಲ ಎಂಬುದು ಪತ್ರಿಕೆ ಅಚ್ಚಾಗುವಾಗ ನನಗೊಬ್ಬನಿಗೆ ಮರೆತುಹೋಗಿತ್ತು, ಅಷ್ಟೆ.

ಉಂಗುರ ಬದಲಾಯಿಸಿದ್ದೂ ಆಯಿತು. ಜನ ಸಾಲಾಗಿ ವೇದಿಕೆ ಹತ್ತಿ, ತಮ್ಮ ತಮ್ಮ ತಟ್ಟೆಯನ್ನು ಲಿಖಿತಾ ಮತ್ತು ದೀಪಕ್ ಕೈಗಿಟ್ಟು, ಫೋಟೋ ತೆಗೆಸಿಕೊಂಡು, ನೇರ ಊಟದ ಮನೆಗೆ ಹೋಗಿ ಕೂತರು. ಬೀಗರದೇ ಮೊದಲ ಪಂಕ್ತಿ. ಉಪ್ಪು ಬಡಿಸಲು ಬಂದವನು ಚಮಚ ಎತ್ತಿದ. ಎತ್ತಿದ್ದು ಗಾಳಿಯಲ್ಲೇ ನಿಂತಿತು. ಮೇಜಿನ ಮೇಲೆ ಏನೂ ಇರಲಿಲ್ಲ. ಅವನ ಹಿಂದೆ ಉಪ್ಪಿನಕಾಯಿ, ಅದರ ಹಿಂದೆ ಕೋಸಂಬರಿ, ಅದರ ಹಿಂದೆ ಪಲ್ಯ, ರಿಪ್ಪನ್‌ಪೇಟೆ ಸರ್ಕಲ್ಲಿನಲ್ಲಿ ಬಸ್ಸು ಕೆಟ್ಟು ನಿಂತ ಹಾಗೆ ಸಾಲುಗಟ್ಟಿದವು.

ಕೆರಿಯಪ್ಪನವರ ತಮ್ಮ ಪ್ರದೀಪ ಗಟ್ಟಿಯಾಗಿಯೇ ಕೇಳಿದ. "ಎಂತ ಅಣ್ಣ, ತಟ್ಟೆ ನಾವು ಕೊಟ್ಟಾಯ್ತು. ಊಟ ಕೈಮೇಲೆ ಹಾಕ್ತಾರಾ?"

ಕೆಲವರು ನಕ್ಕರು. ಕೆರಿಯಪ್ಪನವರು ನಗಲಿಲ್ಲ. ಅವರ ಅಕ್ಕ ಸೆರಗು ಸರಿಮಾಡಿಕೊಂಡು ಎದ್ದೇ ಬಿಡುವವರ ಹಾಗೆ ಕುರ್ಚಿ ಹಿಂದಕ್ಕೆ ತಳ್ಳಿದರು. ಸುಮನಾ ನನ್ನ ಕಡೆ ನೋಡಿದಳು. ಆ ನೋಟವನ್ನು ಬರೆಯುವ ಧೈರ್ಯ ನನಗೆ ಈಗಲೂ ಇಲ್ಲ. ಅಷ್ಟರಲ್ಲಿ ಅಡುಗೆಯವನು ಕಿವಿಯ ಹತ್ತಿರ ಬಂದು, "ಸಾರ್, ಸ್ಟೋರ್ ರೂಮಲ್ಲಿ ಕಾಗದದ ತಟ್ಟೆ ಇದಾವೆ. ಬಾಳೆಲೆ ಚಿತ್ರದ್ದು. ತರ್ಲಾ?" ಎಂದು ಪಿಸುಗುಟ್ಟಿದ. ಹಸಿರು ಬಳಗದ ಸ್ಥಾಪಕಾಧ್ಯಕ್ಷರ ಬಾಯಿಂದ 'ತಾ' ಎಂಬ ಅಕ್ಷರ ಹೊರಟೇಬಿಟ್ಟಿತ್ತು.

ಪರ್ ಎಂದು ಹಾಳೆ ಹರಿದ ಶಬ್ದ ಕೇಳಿಸಿತು.

ಅತ್ತೆ ವೇದಿಕೆಯ ಮೇಲಿದ್ದರು. ಎಲ್ಲಕ್ಕಿಂತ ದೊಡ್ಡ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ಸಿಗಿಯುತ್ತಿದ್ದರು.

"ಅಮ್ಮಾ!" ಸುಮನಾ ಓಡಿದಳು. "ಕೊಟ್ಟವರ ಎದುರಿಗೇ ಬಿಚ್ಚೋದಾ?"

"ಹಸಿದವರ ಎದುರಿಗೆ ಮುಚ್ಚಿಡೋದಾ?"

ಅವರು ತಟ್ಟೆಯನ್ನು ನೀರಲ್ಲಿ ಜಾಲಾಡಿಸಿ, ಸೆರಗಲ್ಲಿ ಒರೆಸಿ, ತಂದು ಕೆರಿಯಪ್ಪನವರ ಮುಂದಿಟ್ಟರು. ಅದರ ಅಂಚಿನಲ್ಲಿ ಕೆರಿಯಪ್ಪನವರದೇ ಹೆಸರಿತ್ತು. "ನೀವು ಮಕ್ಕಳಿಗೆ ಕೊಟ್ಟ ತಟ್ಟೆ. ಬರಿದಾಗಿ ಯಾಕೆ ನಮ್ಮನೆಗೆ ಬರ್ಬೇಕು? ಮೊದಲ ತುತ್ತು ನೀವೇ ಉಣ್ಣಿ. ಆಮೇಲೆ ಅದು ನಮ್ಮ ಹುಡುಗೀದು."

ಕೆರಿಯಪ್ಪನವರು ತಟ್ಟೆ ನೋಡಿದರು, ಅತ್ತೆಯನ್ನು ನೋಡಿದರು. ಅವರ ಮುಖ ಸಡಿಲವಾಯಿತು. "ಏ ಉಪ್ಪಿನವನೇ, ನಿದ್ದೆ ಮಾಡ್ತಾ ಇದೀಯಾ? ಬಾರೋ ಇಲ್ಲಿ" ಎಂದರು.

ಆಮೇಲೆ ನಡೆದದ್ದು ಸಂಭ್ರಮ. ಹೆಂಗಸರು ವೇದಿಕೆಯ ಮೇಲೆ ಕೂತು ಹಾಳೆ ಹರಿದರು, ಗಂಡಸರು ನಲ್ಲಿಯ ಹತ್ತಿರ ತೊಳೆದರು. ತಟ್ಟೆಗಳು ಯಾರ ಮುಂದೆ ಯಾರದೋ ಬಂದು ಬಿದ್ದವು. "ನಂಗೆ ಸುನಿಲನ ತಟ್ಟೆ ಬಂತು!" "ಅವನದಾ? ಹಂಗಾದ್ರೆ ತೂಕ ಕಮ್ಮಿ ಇರುತ್ತೆ, ನೋಡು!" ಎಂದು ಪಂಕ್ತಿಯ ತುಂಬ ಕೂಗಾಟ. ಎದ್ದು ಹೋಗಲಿದ್ದ ಕೆರಿಯಪ್ಪನವರ ಅಕ್ಕ ಎರಡು ಸಲ ಪಾಯಸ ಹಾಕಿಸಿಕೊಂಡರು. ಮಗಳ ಸಂಬಂಧ ಉಳಿದದ್ದು ಖಾತ್ರಿಯಾದ ಕ್ಷಣವೇ ನಾನು ಮೈಕು ಹಿಡಿದೆ. "ಬಂಧುಗಳೇ, ಕೊಡುಗೆಯೇ ಭೋಜನಪಾತ್ರೆಯಾಗುವ ಈ ವಿನೂತನ ಪರಿಕಲ್ಪನೆ..." ಎಂದು ಶುರುಮಾಡಿ ಎಲ್ಲವೂ ನನ್ನ ಯೋಜನೆಯಂತೆಯೇ ನಡೆದಿದೆ ಎಂದು ವಿವರಿಸಿದೆ. ಚಪ್ಪಾಳೆ ಬಿತ್ತು. ಅತ್ತೆ ಕಣ್ಣು ಮುಚ್ಚಿಕೊಂಡರು.

ಉಂಡ ತಟ್ಟೆಯನ್ನು ಅವರವರೇ ತೊಳೆಯಬೇಕು ಎಂಬ ನನ್ನ ನಿಯಮ ಮಾತ್ರ ಕೈಕೊಟ್ಟಿತು. ತಟ್ಟೆಗಳು ಈಗ ಹುಡುಗಿಯ ಮನೆಯವು, ಹುಡುಗಿಯ ಮನೆಯ ಪಾತ್ರೆ ಬೀಗರು ತೊಳೆಯುವುದುಂಟೇ? ಪಾತ್ರೆ ತೊಳೆಯುವ ಸೋಪನ್ನೂ ನಾನು ನಿಷೇಧಿಸಿ ಅಂಟುವಾಳದ ಪುಡಿ ತರಿಸಿದ್ದೆ. ಅದನ್ನು ನೆನೆಸಿ ತೊಳೆಯುವ ವಿಧಾನ ಬಲ್ಲವನು ನಾನೊಬ್ಬನೇ ಎಂದು ಹಿಂದೆ ಹಲವು ಸಲ ಎಲ್ಲರೆದುರು ಹೇಳಿಕೊಂಡಿದ್ದೆ. ಸುಮನಾ ನನ್ನ ರೇಷ್ಮೆ ಪಂಚೆ ಬಿಚ್ಚಿಸಿ ಹಳೆಯ ಲುಂಗಿ ಕೊಟ್ಟಳು. ಮಿರಮಿರ ಹಾಳೆಗಳ ಗುಡ್ಡೆ ಗೋಣಿಚೀಲಗಳಲ್ಲಿ ತುಂಬಿ ಈಗಲೂ ನಮ್ಮ ಅಟ್ಟದ ಮೇಲಿದೆ. ಸುಡಬಾರದು ಎಂದು ಹೇಳಿದವನು ನಾನೇ ತಾನೆ?

ಆದರೆ ಓದುಗರೇ, ನಗುವ ಮೊದಲು ಮುಂದಿನದನ್ನು ಕೇಳಿ. ಮುಂದಿನ ತಿಂಗಳು ಪಕ್ಕದ ಬೀದಿಯ ಮುಕುಂದಯ್ಯನವರ ಮೊಮ್ಮಗಳ ನಾಮಕರಣಕ್ಕೆ ಆ ತಟ್ಟೆಗಳು ಹೋದವು. ಅಲ್ಲಿಂದ ಒಂದು ಗೃಹಪ್ರವೇಶಕ್ಕೆ, ಆಮೇಲೆ ಒಂದು ವೈಕುಂಠ ಸಮಾರಾಧನೆಗೆ. ಈಗ ಕೋಣಂದೂರಿನವರೂ ಬಂದು ಕೇಳುತ್ತಾರೆ. ಒಯ್ದವರು ಖಾಲಿ ತಂದುಕೊಡುವುದಿಲ್ಲ, ಮೇಲಿನ ತಟ್ಟೆಯಲ್ಲಿ ಬಾಳೆಹಣ್ಣೋ ಒಂದಿಷ್ಟು ಸಿಹಿಯೋ ಇದ್ದೇ ಇರುತ್ತದೆ. ಸಭಾಭವನದ ಹಿತ್ತಲಲ್ಲಿ ಹೊಗೆ ಎದ್ದು ಬಹಳ ದಿನವಾಯಿತು, ಅಲ್ಲಿ ಯಾರೋ ಬಸಳೆ ಚಪ್ಪರ ಹಾಕಿದ್ದಾರೆ. ಕಿಟಕಿಯಿಂದ ಅದನ್ನು ನೋಡುವಾಗ ನನಗೆ ನಿಜವಾಗಿಯೂ ಹೆಮ್ಮೆಯಾಗುತ್ತದೆ, ಇದರಲ್ಲಿ ಉತ್ಪ್ರೇಕ್ಷೆ ಇಲ್ಲ.

ಮೊನ್ನೆ ಹೀಗೇ ಒಂದು ಕಂತು ತಟ್ಟೆ ಬಂದಿತ್ತು. ಒಯ್ದವರು ತೊಳೆದೇ ತಂದಿದ್ದರೂ ನನ್ನ ಅಂಟುವಾಳದ ಶುದ್ಧಿಯಾಗದೆ ಅವು ಒಳಗೆ ಹೋಗುವುದಿಲ್ಲ. ಅಂಗಳದಲ್ಲಿ ಕೂತು ಉಜ್ಜುತ್ತಿದ್ದೆ. ಅತ್ತೆ ಜಗಲಿಯಲ್ಲಿ ಬಸಳೆ ಸೋಸುತ್ತಿದ್ದರು. ಹೆಮ್ಮೆ ತಡೆಯಲಾಗದೆ ಕೇಳಿಬಿಟ್ಟೆ.

"ಅತ್ತೆ, ಜನ ಇಷ್ಟು ಬದಲಾಗಿದಾರಲ್ಲ, ನನ್ನ ಯಾವ ಮಾತು ಅವರ ಮನಸ್ಸಿಗೆ ಅಷ್ಟು ನಾಟಿರಬಹುದು ಅಂತೀರಿ?"

ಅತ್ತೆ ಒಂದು ಹುಳುಕು ಎಲೆ ಕಿತ್ತು ಆಚೆ ಎಸೆದರು.

"ಮಾತು ಎಂಥದು? ಬಾಡಿಗೆ ಇಲ್ಲ. ತೊಳೆಯೋಕೆ ನೀವಿದೀರಿ."