ಅತ್ತೆ ಮೊದಲು ಬಡಿಸುತ್ತಾರೆ

ನನ್ನ ಅತ್ತೆಗೆ, ಅಂದರೆ ಅಪ್ಪನ ಅಕ್ಕನಿಗೆ, ಯಾವ ಪ್ರಶ್ನೆಯೂ ಅರ್ಧ ಮಾತ್ರ ಕೇಳಿಸುತ್ತದೆ. ಕಿವಿ ಚೆನ್ನಾಗಿಯೇ ಉಂಟು. ಆದರೆ ಮೊದಲರ್ಧಕ್ಕೆ ಉತ್ತರ ‘ಇಲ್ಲ’ ಎಂದಾದರೆ ಉಳಿದರ್ಧ ಅವರ ಮಟ್ಟಿಗೆ ಹುಟ್ಟಲೇ ಇಲ್ಲ.

ಫರಂಗಿಪೇಟೆಯ ಅವರ ಮನೆಗೆ ಒಮ್ಮೆ ಜಾಗದ ಬ್ರೋಕರ್ ಬಂದಿದ್ದ.

“ಅಕ್ಕಾ, ಈ ಜಾಗ ಕೊಡುವುದಾದರೆ ದುಬೈಯ ಪಾರ್ಟಿ ಉಂಟು, ಕೇಳಿದ ರೇಟು—”

“ಕೊಡುವುದಿಲ್ಲ.”

“ರೇಟಾದರೂ ಕೇಳಿ ಮಾರಾಯ್ರೆ.”

“ಕೊಡದ ಜಾಗಕ್ಕೆ ರೇಟು ಎಂಥದ್ದು? ಚಹಾ ಕುಡಿದು ಹೋಗು.”

ಕಂಪ್ಯೂಟರಿನದೂ ಇದೇ ಸ್ವಭಾವ. ಎರಡು ಮಾತುಗಳ ನಡುವೆ ‘ಮತ್ತು’ ಇದ್ದು, ಮೊದಲನೆಯದು ಸುಳ್ಳಾದರೆ ಅದು ಎರಡನೆಯದರತ್ತ ತಿರುಗಿಯೂ ನೋಡುವುದಿಲ್ಲ. ಮೂಡುಬಿದಿರೆಯ ಕಾಲೇಜಿನಲ್ಲಿ ಇದನ್ನು ಪಾಠ ಮಾಡುವಾಗ ಅತ್ತೆಯನ್ನೇ ಉದಾಹರಣೆ ಕೊಡುತ್ತೇನೆ. ಮಕ್ಕಳು ನಗುತ್ತಾರೆ. ಮುಂದಿನ ಪಾಠಕ್ಕೂ ಅವರೇ ಉದಾಹರಣೆ. ಅದನ್ನು ಮಾತ್ರ ಹೇಳುವುದಿಲ್ಲ.

ಕೆಲವು ಕಂಪ್ಯೂಟರ್ ಭಾಷೆಗಳಲ್ಲಿ ಆ ‘ಮತ್ತು’ವಿಗೆ ನಮ್ಮದೇ ಅರ್ಥ ಕೊಟ್ಟುಕೊಳ್ಳಬಹುದು. ಕೊಟ್ಟರೆ ಅದರ ತಡೆ ಹೋಗುತ್ತದೆ. ಮೊದಲನೆಯದು ಸುಳ್ಳಾದರೂ ಎರಡನೆಯದು ನಡೆದೇ ತೀರುತ್ತದೆ, ಕೆಲವೊಮ್ಮೆ ಮೊದಲನೆಯದಕ್ಕಿಂತ ಮುಂಚೆಯೇ.

ಕೆಲವು ವರ್ಷಗಳ ಹಿಂದೆ ಮಾವ ಜೇನು ತರಲೆಂದು ಘಟ್ಟದ ಬುಡದ ನೆರಿಯ ಊರಿನ ಕಾಡಿಗೆ ಹೋದವರು ಹಿಂದೆ ಬರಲಿಲ್ಲ. ಹುಡುಕಿದವರಿಗೆ ಏನೂ ಸಿಗಲಿಲ್ಲ. ಮನುಷ್ಯ ಬಂದರೆ ತಾನೇ ಬಡಿಸುವುದು? ಅತ್ತೆ ದಿನಾ ಮುಸ್ಸಂಜೆ ಮೊದಲು ಗಂಜಿ ಬಡಿಸುತ್ತಾರೆ, ಆಮೇಲೆ ಬಾಗಿಲಿಗೆ ಹೋಗಿ “ಬಂದ್ರಾ?” ಎಂದು ಕೇಳುತ್ತಾರೆ.

“ಬಂದ ಮೇಲೆ ಬಡಿಸಿದರೆ ಸಾಲದಾ ಅತ್ತೆ?” ಎಂದೆ ಒಮ್ಮೆ.

“ಹಸಿದು ಬಂದವರನ್ನು ಕಾಯಿಸುವುದಾ?”

ಆ ಸಂಜೆ ಕರೆಂಟ್ ಇರಲಿಲ್ಲ, ಗಾಳಿಯೂ ಇರಲಿಲ್ಲ. ನೆಟ್ಟಗೆ ಏಳುತ್ತಿದ್ದ ಗಂಜಿಯ ಹಬೆ, ಅವರು ಕೇಳಿದ ಕೂಡಲೇ ಖಾಲಿ ಮಣೆಯ ಕಡೆಗೆ ಬಾಗಿತು. ನಾನು ಉಪ್ಪಿನಕಾಯಿಯ ಭರಣಿಯನ್ನು ಬಹಳ ಆಸಕ್ತಿಯಿಂದ ನೋಡಿದೆ.

ಮಳೆಗಾಲದ ಆಟಿ ತಿಂಗಳಲ್ಲಿ ತೀರಿಹೋದವರಿಗೆ ಬಡಿಸುವ ಕ್ರಮ ನಮ್ಮಲ್ಲಿ ಉಂಟು. ಕತ್ತಲೆ ಕೋಣೆಯಲ್ಲಿ ಎಲೆ ಹಾಕಿ, ಬಡಿಸಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕಾಯುವುದು. ಅವರು ಉಂಡ ಮೇಲೆ ತಟ್ಟಿ ಒಳಗೆ ಹೋಗುವುದು. ಈ ಸಲ ಅಪ್ಪ ಮೆಲ್ಲನೆ ಹೇಳಿದರು, “ಅಕ್ಕ, ಭಾವನಿಗೂ ಒಂದು ಎಲೆ ಹಾಕುವ. ನಿನ್ನ ಗಂಜಿ ಬದುಕಿದವರಿಗೆ. ಸತ್ತಿದ್ದರೆ ಅದು ಅವರಿಗೆ ಮುಟ್ಟುವುದಿಲ್ಲ, ಇಷ್ಟು ವರ್ಷ ಉಪವಾಸವೇ ಆಯ್ತು.”

ಎಲೆ ಹಾಕಿದರೆ ಮಾವ ಇಲ್ಲವೆಂದು ಅತ್ತೆ ಒಪ್ಪಿದಂತೆ. ನಾವೆಲ್ಲ ಅತ್ತೆಯ ಬಾಯಿಂದ ‘ಇಲ್ಲ’ ಬರುವುದನ್ನೇ ಕಾದೆವು. ಅತ್ತೆ ತಾವೇ ಒಂದು ಎಲೆ ಒರೆಸಿ ಹಾಕಿದರು, ಅನ್ನ ಬಡಿಸಿದರು, ಕೋಳಿ ಸಾರಿನಿಂದ ಮೂಳೆ ಕಡಿಮೆ ಇದ್ದ ತುಂಡುಗಳನ್ನು ಆರಿಸಿ ಇಟ್ಟರು. ಬಾಗಿಲು ಮುಚ್ಚಿದರು.

ಸ್ವಲ್ಪ ಹೊತ್ತಿಗೆ ಒಳಗೆ ಲೋಟ ಕೆಳಗಿಟ್ಟಂಥ ಸದ್ದಾಯಿತು. ಇಲಿ ಇರಬಹುದು. ಯಾರೂ ಇನ್ನೊಬ್ಬರ ಮುಖ ನೋಡಲಿಲ್ಲ. ಅಪ್ಪ ಬಾಗಿಲು ತಟ್ಟಲು ಕೈ ಎತ್ತಿದರು.

ಅತ್ತೆ ಆ ಕೈ ಹಿಡಿದುಕೊಂಡರು.

“ಸ್ವಲ್ಪ ಇರು,” ಎಂದರು. “ಅವರದು ನಿಧಾನ ಊಟ.”