ಆಂಬುಲೆನ್ಸ್ ಕರೆದರೆ ಬಿಲ್ ಬಂದೀತು

ಹೆದರುವವನ ಮೇಲೆ ಹಾವೆಸೆದರು ಅನ್ನುತ್ತಾರಲ್ಲ, ಸಿಂಗಾಪುರದಲ್ಲಿದ್ದಷ್ಟು ವರ್ಷವೂ ನನ್ನ ಮೇಲೆ ಅಂಥ ಹಾವುಗಳು ಬೀಳುತ್ತಲೇ ಇದ್ದವು. ಹೆಚ್ಚಿನವು ರಬ್ಬರಿನವು. ಆದರೆ ಮೈಮೇಲೆ ಬಿದ್ದ ಗಳಿಗೆಯಲ್ಲಿ ರಬ್ಬರಿನದೋ ನಿಜದ್ದೋ ಎಂದು ಯಾರು ನೋಡುತ್ತಾರೆ?

ಆಗ ನಾವು ಯಿಶುನ್‌ನ ಒಂದು ಬಾಡಿಗೆ ಫ್ಲ್ಯಾಟಿನಲ್ಲಿದ್ದೆವು. ನಾನು ದಿನಾ ಕಂಪನಿ ಬಸ್ಸಿನಲ್ಲಿ ಜುರಾಂಗ್ ಐಲ್ಯಾಂಡಿಗೆ ಹೋಗಿ, ಅಲ್ಲಿನ ಪ್ಲ್ಯಾಂಟೊಂದರಲ್ಲಿ ಬೆಂಕಿ ಬಿದ್ದರೆ ಎಚ್ಚರಿಸುವ ಉಪಕರಣಗಳನ್ನು ನೋಡಿಕೊಳ್ಳುತ್ತಿದ್ದೆ. ಅಂದರೆ ಹೆದರುವುದಕ್ಕೇ ಸಂಬಳ. ಪಿಆರ್‌ಗೆ, ಅಂದರೆ ಅಲ್ಲೇ ಕಾಯಂ ನೆಲೆಸುವ ಪರವಾನಗಿಗೆ, ಅರ್ಜಿ ಹಾಕಿ ಉತ್ತರಕ್ಕೆ ಕಾಯುತ್ತಿದ್ದ ಕಾಲ ಅದು. ಆಗಲೇ ಯಾರೋ ಊಟದ ಹೊತ್ತಿನಲ್ಲಿ ಹೇಳಿದರು: ಇಲ್ಲಿ ನಿಜವಾದ ತುರ್ತಿಗೆ ಆಂಬುಲೆನ್ಸ್ ಪುಕ್ಕಟೆ, ಆದರೆ ಆಸ್ಪತ್ರೆಯ ಡಾಕ್ಟರು ನೋಡಿ ‘ಇದೇನೂ ತುರ್ತಲ್ಲ’ ಅಂದರೆ ಕರೆದವರ ಮನೆಗೆ ಬಿಲ್ ಬರುತ್ತದೆ. ದುಡ್ಡು ಹೋದರೆ ಹೋಗಲಿ. ಸರ್ಕಾರದ ಫೈಲಿನಲ್ಲಿ ‘ಇವನು ಸುಮ್ಮಸುಮ್ಮನೆ ಆಂಬುಲೆನ್ಸ್ ಕರೆಯುವವನು’ ಎಂದು ಹೆಸರು ಸೇರಿಕೊಂಡರೆ? ಪಿಆರ್ ಕೊಡುವವರು ಅದನ್ನು ನೋಡಿದರೆ? ಹಾಗೇನೂ ಇಲ್ಲವಂತೆ ಎಂದು ಹೆಂಡತಿ ಹೇಳುತ್ತಲೇ ಇದ್ದಳು. ಯಾರನ್ನಾದರೂ ಕೇಳಿ ಖಚಿತ ಮಾಡಿಕೊಳ್ಳೋಣವೆಂದರೆ, ಕೇಳಿದವನ ಹೆಸರನ್ನೇ ಬರೆದುಕೊಂಡುಬಿಟ್ಟರೆ ಎಂಬ ಭಯ.

ಅಷ್ಟರಲ್ಲಿ ಗದಗದಿಂದ ಅತ್ತೆ ಮಾವ ಬಂದರು. ಏರ್‌ಪೋರ್ಟಿನಿಂದ ಮನೆಗೆ ಬರುವ ಟ್ಯಾಕ್ಸಿಯಲ್ಲೇ ಅವರಿಗೆ ಈ ಕಾನೂನನ್ನು ವಿವರಿಸಿದೆ. ಮಾವ ರಿಟೈರ್ಡ್ ಹೈಸ್ಕೂಲ್ ಮಾಸ್ತರರು. ಗಮನವಿಟ್ಟು ಕೇಳಿ, “ಭಾಳ ಶಿಸ್ತಿನ ದೇಶ ಬಿಡ್ರಿ ಅಳಿಯಂದ್ರ” ಅಂದರು.

೧. ದೃಷ್ಟಿ ಯಾರಿಗೆ

ಅವರು ಬಂದ ವಾರದಲ್ಲೇ ನಮ್ಮ ಪುಟ್ಟ ಮಗಳಿಗೆ ಸಣ್ಣಗೆ ಜ್ವರ ಬಂತು. ಡಾಕ್ಟರ ಔಷಧ ಒಂದು ಕಡೆ, ಅತ್ತೆಯ ಔಷಧ ಇನ್ನೊಂದು ಕಡೆ. ಅವರು ಒಂದು ಹಿಡಿ ಬ್ಯಾಡಗಿ ಮೆಣಸಿನಕಾಯಿ, ಉಪ್ಪು ತೆಗೆದುಕೊಂಡು ಮೊಮ್ಮಗಳಿಗೆ ನಿವಾಳಿಸಿ, ಸೀದಾ ಹೋಗಿ ಗ್ಯಾಸಿನ ಮೇಲೆ ಕಾದಿದ್ದ ಬಾಣಲೆಗೆ ಸುರಿದರು. ಊರಿನಲ್ಲಾದರೆ ಹಿತ್ತಲ ಒಲೆ. ಇಲ್ಲಿ ಎಂಟನೇ ಮಹಡಿ. ಸುಮಾತ್ರಾದಲ್ಲಿ ಕಾಡು ಸುಟ್ಟು ಇಲ್ಲಿಯವರೆಗೂ ಹಬ್ಬುವ ಹೊಗೆ ಒಳಗೆ ಬರದಿರಲೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದೆವು. ಆ ಘಾಟಿಗೆ ಹೋಗಲು ಇದ್ದದ್ದು ಒಂದೇ ದಾರಿ, ಮುಂಬಾಗಿಲು. ಅಲ್ಲಿಂದ ಕಾರಿಡಾರು.

ಮೊದಲು ಎದುರು ಮನೆಯಲ್ಲಿ ಕೆಮ್ಮು. ಆಮೇಲೆ ಪಕ್ಕದ ಮನೆಯಲ್ಲಿ. ಆಮೇಲೆ ಸಾಲಿಗೆ ಸಾಲೇ ಕೆಮ್ಮತೊಡಗಿತು. ನಾನು ಬಾಗಿಲ ಬಳಿ ಹೋಗಿ ನೋಡಿದರೆ ಎದುರು ಮನೆಯ ಚೀನೀ ಆಂಟಿ ಮೂಗಿಗೆ ಬಟ್ಟೆ ಹಿಡಿದು, ಇನ್ನೊಂದು ಕೈಯಲ್ಲಿ ಫೋನ್ ಒತ್ತುತ್ತಿದ್ದಾರೆ. ನನ್ನ ಕಣ್ಣ ಮುಂದೆ ಫೈರ್ ಇಂಜಿನ್ನು, ಅದರ ಹಿಂದೆ ಬಿಲ್ಲು, ಅದರ ಹಿಂದೆ ‘ನಿಮ್ಮ ಅರ್ಜಿಯನ್ನು ತಿರಸ್ಕರಿಸಲಾಗಿದೆ’ ಎಂಬ ಸಾಲು ಮೆರವಣಿಗೆ ಹೊರಟವು. ಬರಿಗಾಲಲ್ಲೇ ಓಡಿದೆ.

“ಆಂಟಿ, ಪ್ಲೀಸ್, ನೋ ಫೈರ್. ಓನ್ಲಿ ಚಿಲ್ಲಿ. ಡೋಂಟ್ ಕಾಲ್.”

ಆಂಟಿ ಕೆಮ್ಮುತ್ತಲೇ ಹೇಳಿದರು, “ಐ ನೋ ಈಸ್ ಚಿಲ್ಲಿ ಲಾ. ಐ ಕಾಲಿಂಗ್ ಮೈ ಸಿಸ್ಟರ್. ಟೆಲ್ ಹರ್ ಡೋಂಟ್ ಕಮ್ ಫಾರ್ ಡಿನ್ನರ್.”

ಬದುಕಿದೆಯಾ ಬಡಜೀವವೇ ಎಂದು ಒಳಗೆ ಬಂದರೆ ಅತ್ತೆ ಸೊಂಟಕ್ಕೆ ಕೈಯಿಟ್ಟು ಸಂತೋಷದಲ್ಲಿ ನಿಂತಿದ್ದರು. ದೃಷ್ಟಿಯಾಗಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ, ಘಾಟು ಬಂತೆಂದರೆ ದೃಷ್ಟಿಯಿಲ್ಲ ಎಂಬುದು ಅವರ ಲೆಕ್ಕ.

“ಇಡೀ ಬಿಲ್ಡಿಂಗು ಕೆಮ್ಮಾಕತ್ತೈತಿ. ಹುಡುಗಿಗೆ ಏನೂ ಆಗಿಲ್ಲ” ಅಂದರು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಆಗಿದ್ರ ನಿಮಗ ಆಗೇತಿ ನೋಡ್ರಿ ಅಳಿಯಂದ್ರ. ಮಾರಿ ಬೆಳ್ಳಗಾಗೇತಿ. ನಿಲ್ರಿ, ಇನ್ನೊಂದು ಹಿಡಿ ತರ್ತೀನಿ.”

೨. ಆಯುಧ ಪೂಜೆ

ನಮ್ಮ ಪ್ಲ್ಯಾಂಟಿನಲ್ಲಿ ಕಂಪನಿಯದೇ ಫೈರ್ ಇಂಜಿನ್ ಇತ್ತು. ಯಾವ ಡಿಪಾರ್ಟ್‌ಮೆಂಟಿನ ತಪ್ಪಿನಿಂದ ಸುಳ್ಳು ಅಲಾರಂ ಹೊಡೆದು ಅದು ಹೊರಡುತ್ತದೋ, ಆ ಡಿಪಾರ್ಟ್‌ಮೆಂಟಿನ ಲೆಕ್ಕದಿಂದ ಖರ್ಚು ಕಡಿತ. ಮನೆಯಲ್ಲೂ ಅದೇ ಭಯ, ಕೆಲಸದಲ್ಲೂ ಅದೇ ಭಯ.

ನನ್ನ ಜೊತೆ ಕೆಲಸ ಮಾಡುತ್ತಿದ್ದವರಲ್ಲಿ ಮೈಸೂರಿನ ಒಬ್ಬ ಗೆಳೆಯನಿದ್ದ. ದೈವಭಕ್ತ. ಆಯುಧ ಪೂಜೆಯ ದಿನ ಸ್ಪ್ಯಾನರು, ಸ್ಕ್ರೂಡ್ರೈವರುಗಳನ್ನು ಸಾಲಾಗಿ ಇಟ್ಟು ಅರಿಶಿನ ಕುಂಕುಮ ಹಚ್ಚಿದ. ಗೇಟಿನಲ್ಲಿ ಬೆಂಕಿಪೊಟ್ಟಣ ಬಿಡುವುದಿಲ್ಲವಾದ್ದರಿಂದ ಕರ್ಪೂರದ ಬದಲು ಟಾರ್ಚಿನಲ್ಲೇ ಮಂಗಳಾರತಿ. ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಅವನಿಗೆ ಒಂದು ಅನುಮಾನ ಬಂತು.

“ಇವೆಲ್ಲ ಬರೀ ಟೂಲ್ಸ್ ಕಣಯ್ಯಾ. ನಮಗೆ ಅನ್ನ ಹಾಕೋದು ಡಿಟೆಕ್ಟರ್ ಅಲ್ವಾ?”

ನಾನು ಬೇಡ ಅನ್ನುವಷ್ಟರಲ್ಲಿ ಹೊರಗೆ ಹೋಗಿ ಪಂಪಿನ ಪಕ್ಕದ ಡಿಟೆಕ್ಟರಿಗೆ ಭಕ್ತಿಯಿಂದ ಕುಂಕುಮ ಇಟ್ಟುಬಿಟ್ಟಿದ್ದ. ಎಲ್ಲಿಗೆ? ಸರಿಯಾಗಿ ಅದರ ಗಾಜಿನ ಕಣ್ಣಿಗೆ. ಬೆಂಕಿಯನ್ನು ಆ ಕಣ್ಣಿನಿಂದಲೇ ಅದು ನೋಡುವುದು. ಕಣ್ಣು ಕಟ್ಟಿದರೆ ತಾನು ಕುರುಡಾದೆ ಎಂದು ಕಂಟ್ರೋಲ್ ರೂಮಿಗೆ ಕೂಗಿ ಹೇಳುತ್ತದೆ. ಹೇಳಿತು. ಅಲ್ಲಿದ್ದವರು ಬೆಂಕಿಯೆಂದೇ ತಿಳಿದರು; ಸೈರನ್ ಆಯಿತು, ಇಂಜಿನ್ ಬಂತು, ಹೆಲ್ಮೆಟ್ಟಿನವರು ಪೈಪು ಹಿಡಿದು ಇಳಿದರು. ಕೆಲಸ ಹೋದರೆ ಈ ದೇಶದಲ್ಲಿರಲು ಕೊಟ್ಟ ಪಾಸೂ ಹೋಯಿತು, ಪಾಸು ಹೋದರೆ ಪಿಆರ್ ಎಲ್ಲಿ?

ಸೇಫ್ಟಿ ಮ್ಯಾನೇಜರು ಬಂದು ಡಿಟೆಕ್ಟರಿನ ಕಣ್ಣನ್ನು ಬೆರಳಿನಿಂದ ಒರೆಸಿದರು. ಬೆರಳು ಕೆಂಪಾಯಿತು. ಅವರ ಮುಖ ಬಿಳುಚಿತು.

“ಈಸ್ ದಿಸ್ ಬ್ಲಡ್?”

ಗೆಳೆಯ ಕೈಕಟ್ಟಿ ನಿಂತು ವಿನಯದಿಂದ ಹೇಳಿದ, “ನೋ ಸರ್. ಫಾರ್ ಸೇಫ್ಟಿ ಓನ್ಲಿ.”

೩. ಟ್ಯಾಕ್ಸಿ ಅಂಕಲ್

ಇದೇ ಮೈಸೂರಿನವನು ನಮ್ಮ ಮನೆಗೆ ಹತ್ತಿರದ ಸೆಂಬವಾಂಗ್‌ನಲ್ಲಿದ್ದ. ಒಂದು ಭಾನುವಾರ ಬೆಳಿಗ್ಗೆ ಬಚ್ಚಲಲ್ಲಿ ಜಾರಿ ಬಿದ್ದ. ನಾನು ಹೋಗಿ ನೋಡಿದಾಗ ಮೊಣಕಾಲು ಒಂದು ದಿಕ್ಕಿಗೆ, ಪಾದ ಇನ್ನೊಂದು ದಿಕ್ಕಿಗೆ. ಅದನ್ನು ನೋಡಿ ನನಗೇ ತಲೆ ಸುತ್ತಿತು.

“ಆಂಬುಲೆನ್ಸ್ ಕರೀಲಾ?” ಅಂದೆ.

“ಇದು ಎಮರ್ಜೆನ್ಸಿ ಅಂತ ಗ್ಯಾರಂಟಿ ಇದೆಯಾ?” ಅಂತ ಹಲ್ಲು ಕಚ್ಚಿಕೊಂಡು ಕೇಳಿದ.

ಇಬ್ಬರೂ ಯೋಚಿಸಿದೆವು. ಕಾಲು ಮುರಿದವನು ಸಾಯುವುದಿಲ್ಲ. ಸಾಯದವನದು ತುರ್ತು ಹೇಗಾಗುತ್ತದೆ? ಬರೀ ಉಳುಕು ಅಂದುಬಿಟ್ಟರೆ? ಕಡೆಗೆ ಅವನನ್ನು ಕಂಪ್ಯೂಟರಿನ ಚಕ್ರದ ಕುರ್ಚಿಯಲ್ಲಿ ಕೂರಿಸಿ, ಲಿಫ್ಟಿನಲ್ಲಿ ಇಳಿಸಿ, ಕಟ್ಟಡದಡಿಯ ತೆರೆದ ಪಡಸಾಲೆಯಾದ ವಾಯ್ಡ್ ಡೆಕ್ಕಿನಲ್ಲಿ ತಳ್ಳಿಕೊಂಡು ಹೊರಟೆ. ನೆಲದ ಒಂದೊಂದು ಗೀರಿಗೂ ಅವನು ಒಂದೊಂದು ದೇವರನ್ನು ಕರೆದ. ಅಲ್ಲಿ ಚೆಸ್ ಆಡುತ್ತಿದ್ದ ಮುದುಕರು ಆಟ ನಿಲ್ಲಿಸಿ ನೋಡಿದರು.

ಟ್ಯಾಕ್ಸಿಯ ಚೀನೀ ಅಂಕಲ್ ಕನ್ನಡಿಯಲ್ಲಿ ಆ ಕಾಲನ್ನು ನೋಡಿ ಬೆಚ್ಚಿ, ಆಂಬುಲೆನ್ಸ್ ಯಾಕೆ ಕರೆಯಲಿಲ್ಲವೆಂದು ಗದರಿದರು. ನಾನು ಕಾನೂನು ವಿವರಿಸಿದೆ: ತುರ್ತು ಅಲ್ಲದಿದ್ದರೆ ದುಡ್ಡು ಕೊಡಬೇಕು ಅಂಕಲ್, ಅದಕ್ಕೆ.

ಅಂಕಲ್ ಗಾಡಿ ಹೊರಡಿಸಿದರು. ಸಿಗ್ನಲ್ಲಿನಲ್ಲಿ ನಿಂತಾಗ ಮೀಟರಿನ ಕಡೆ ಬೆರಳು ತೋರಿಸಿ ಹೇಳಿದರು, “ಮೈ ಟ್ಯಾಕ್ಸಿ ಆಲ್ಸೋ ಮಸ್ಟ್ ಪೇ, ವಾಟ್.”

೪. ಗ್ಯಾಸೋ, ಹಾರ್ಟೋ

ಇದನ್ನು ಈಗ ನಗುತ್ತ ಹೇಳಬಹುದು. ಯಾಕೆಂದರೆ ಮಾವ ಗದಗದಲ್ಲಿ ದಿನಾ ವಾಕಿಂಗ್ ಹೋಗುತ್ತಿದ್ದಾರೆ. ಆ ದಿನ ಯಾರೂ ನಗಲಿಲ್ಲ.

ರಜೆಯ ದಿನದ ಮಧ್ಯಾಹ್ನ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಎಲ್ಲ ಆಗಿತ್ತು. ಕೈ ತೊಳೆದು ಸೋಫಾದಲ್ಲಿ ಕೂತ ಮಾವ ಎದೆ ಒತ್ತಿಕೊಂಡರು. “ಗ್ಯಾಸ್ ಆಗೇತಿ” ಅಂದರು. ಅತ್ತೆ ಬಿಸಿನೀರಿಗೆ ಇಂಗು, ಓಮ ಹಾಕಿ ಕೊಟ್ಟರು. ಕುಡಿದರು. ಎಸಿ ಹಾಕಿದ್ದರೂ ಅವರ ಅಂಗಿ ಬೆವರಿನಲ್ಲಿ ತೊಯ್ದಿತ್ತು. ತುಟಿ ಬಣ್ಣಗೆಟ್ಟಿತ್ತು.

“ರೀ, ಫೋನ್ ಮಾಡಿ” ಅಂದಳು ಹೆಂಡತಿ.

ನಾನು ಫೋನ್ ತೆಗೆದುಕೊಂಡೆ. ಮಾವ ನನ್ನ ಮಣಿಕಟ್ಟು ಹಿಡಿದರು.

“ಬ್ಯಾಡ್ರಿ ಅಳಿಯಂದ್ರ. ಗ್ಯಾಸ್ ಇದ್ರ ಬಿಲ್ ಬರ್ತೈತಿ. ನಿಮ್ಮ ಪಿಆರ್ ಹೋಗ್ತೈತಿ. ಒಂದು ತಾಸು ನೋಡೋಣ.”

ಟ್ಯಾಕ್ಸಿಯಲ್ಲಿ ನಾನು ಮಾಡಿದ ಪಾಠವನ್ನು ಮಾಸ್ತರರು ಅಕ್ಷರ ಬಿಡದೆ ಕಲಿತಿದ್ದರು. ಅವರ ಕೈ ತಣ್ಣಗಿತ್ತು. ನನಗೆ ಅಷ್ಟು ಹೆದರಿಕೆ ಹಿಂದೆಂದೂ ಆಗಿರಲಿಲ್ಲ. ಇಷ್ಟು ದಿನ ಹೆದರಿದ್ದೆಲ್ಲ ಹೆದರಿಕೆಯೇ ಅಲ್ಲ ಅನ್ನಿಸಿತು. ಆದರೂ ಬೆರಳು ಆಡಲಿಲ್ಲ. ಹೆಂಡತಿ ನನ್ನ ಕೈಯಿಂದ ಫೋನ್ ಕಿತ್ತುಕೊಂಡು ತಾನೇ ಮಾಡಿದಳು.

ಆಂಬುಲೆನ್ಸ್ ಬೇಗನೆ ಬಂತು. ಅದು ಬರುವಷ್ಟರಲ್ಲಿ ಅತ್ತೆಗೆ ಹೊಸ ಚಿಂತೆ ಹತ್ತಿತ್ತು. “ಅವರ ಮುಂದ ಅಷ್ಟು ನೆಟ್ಟಗ ಕೂಡಬ್ಯಾಡ್ರಿ. ಸ್ವಲ್ಪ ನರಳ್ರಿ” ಅಂತ ಗಂಡನಿಗೆ ಹೇಳಿಕೊಟ್ಟರು. ಜೀವಮಾನವೆಲ್ಲ ಮಕ್ಕಳಿಗೆ ಸುಳ್ಳಾಡಬಾರದೆಂದು ಹೇಳಿದ ಮಾವ, ನಿಜವಾಗಿ ನೋಯುತ್ತಿದ್ದರೂ, ನಾಟಕವೆಂದುಕೊಂಡಾರು ಎಂದು ಬಾಯಿ ಬಿಗಿಹಿಡಿದು ನರಳದೆ ಮಲಗಿದರು.

ನಾನು ಅವರ ಜೊತೆ ಆಂಬುಲೆನ್ಸ್ ಹತ್ತಿದೆ. ಮಾವನ ಎದೆಗೆಲ್ಲ ವೈರು ಅಂಟಿಸಿದ ಆಂಬುಲೆನ್ಸಿನ ಹುಡುಗಿ, ಒಂದರಿಂದ ಹತ್ತರೊಳಗೆ ನೋವು ಎಷ್ಟು ಎಂದು ಕೇಳಿದಳು. ನಾನು ಕನ್ನಡದಲ್ಲಿ ಹೇಳಿದೆ.

ಮಾವ ಕಣ್ಣು ಮುಚ್ಚಿಕೊಂಡೇ ಕೇಳಿದರು, “ಪಾಸಿಗೆ ಎಷ್ಟು ಬೇಕಂತ ಕೇಳ್ರಿ.”

ಆಸ್ಪತ್ರೆಯಲ್ಲಿ ಅವರನ್ನು ಒಳಗೆ ಕರೆದೊಯ್ದರು. ಟ್ಯಾಕ್ಸಿಯಲ್ಲಿ ಹಿಂದೆಯೇ ಬಂದ ಅತ್ತೆ, ಹೆಂಡತಿ, ಮಗಳು ನನ್ನ ಪಕ್ಕ ಕೂತರು. ಅತ್ತೆ ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ತುಟಿ ಆಡಿಸುತ್ತಿದ್ದರು. ಏನೆಂದು ಬೇಡಿಕೊಳ್ಳುತ್ತಿದ್ದರೋ ಕೇಳುವ ಧೈರ್ಯ ನನಗಾಗಲಿಲ್ಲ. ನಾನು ಏನೆಂದು ಬೇಡಿಕೊಳ್ಳಬೇಕೋ ಅದೂ ತಿಳಿಯಲಿಲ್ಲ. ಗ್ಯಾಸ್ ಆಗಲಿ ಅನ್ನಬೇಕು, ಗ್ಯಾಸೇ ಆಗಲಿ ಅಂತಲೇ ಅಂದುಕೊಂಡೆ. ಆದರೆ ಅಂದುಕೊಳ್ಳುವಾಗ ಆ ಬಿಲ್ಲು ಒಂದು ಸಲ ಕಣ್ಣ ಮುಂದೆ ಹಾದುಹೋಯಿತು, ಸುಳ್ಳು ಯಾಕೆ ಹೇಳಲಿ.

ಚೀನೀ ಡಾಕ್ಟರು, ಚಿಕ್ಕ ವಯಸ್ಸಿನವರು, ಗಂಭೀರವಾಗಿ ಬಂದರು. ಹಾರ್ಟ್ ಅಟ್ಯಾಕ್, ರಕ್ತನಾಳ ಕಟ್ಟಿದೆ, ಈಗಲೇ ತೆರೆಯಬೇಕು, ಸರಿಯಾದ ಹೊತ್ತಿಗೆ ಕರೆತಂದಿರಿ, ಆಂಬುಲೆನ್ಸ್ ಕರೆದದ್ದು ಒಳ್ಳೆಯದಾಯಿತು ಎಂದರು.

ನಾನು ಅತ್ತೆಯ ಕಡೆ ತಿರುಗಿ, “ಗ್ಯಾಸ್ ಅಲ್ವಂತೆ ಅತ್ತೆ. ಹಾರ್ಟ್ ಅಟ್ಯಾಕ್ ಅಂತೆ” ಅಂದೆ.

“ಸದ್ಯ” ಅಂದರು ಅತ್ತೆ. ಎರಡೂ ಕೈ ಎತ್ತಿ ಡಾಕ್ಟರಿಗೆ ಮುಗಿದರು. “ದೇವ್ರು ದೊಡ್ಡಾಂವ. ಗ್ಯಾಸ್ ಅಲ್ಲಂತ.”

ಡಾಕ್ಟರಿಗೆ ಗಾಬರಿಯಾಯಿತು. ಭಾಷೆ ಅರ್ಥವಾಗಿಲ್ಲವೆಂದುಕೊಂಡು ಇನ್ನೂ ನಿಧಾನವಾಗಿ, ತಮ್ಮ ಎದೆ ತಟ್ಟಿ ತೋರಿಸಿ ಹೇಳಿದರು. ಅತ್ತೆ ಇನ್ನೊಮ್ಮೆ ಮುಗಿದರು. ಡಾಕ್ಟರು ಹೋಗಿ ಒಬ್ಬ ತಮಿಳು ನರ್ಸಮ್ಮನನ್ನೇ ಕರೆತಂದರು. ಆಕೆ ಅತ್ತೆಯ ಹೆಗಲ ಮೇಲೆ ಕೈಯಿಟ್ಟು ಮೆತ್ತಗೆ, “ಅಮ್ಮಾ, ಹಾರ್ಟ್ ಅಟ್ಯಾಕ್” ಅಂದಳು.

“ತಿಳೀತವಾ, ತಿಳೀತು” ಎಂದರು ಅತ್ತೆ. ಆಮೇಲೆ ಆ ಮುಗಿದ ಕೈ ಹಾಗೆಯೇ ನಿಂತಿತು. ನನ್ನ ಮುಖ ನೋಡಿದರು. ದನಿ ಸಣ್ಣಗಾಗಿತ್ತು.

“ಹಾರ್ಟ್ ಅಟ್ಯಾಕ್ ಅಂದ್ರಲ್ಲ, ಯಾರಿಗೆ? ಇವರಿಗೇನು?”

ನನ್ನ ಹೆಂಡತಿ ಹಿಡಿದುಕೊಳ್ಳುವ ಮೊದಲೇ ಅತ್ತೆ ಕುಸಿದು ನೆಲದ ಮೇಲೆ ಕೂತರು. ಗದಗದ ತಮ್ಮ ಓಣಿಯಲ್ಲಿದ್ದಂತೆ ಬಾಯಿ ಬಿಟ್ಟು ಅತ್ತರು. ಹೆಂಡತಿಯೂ ಅತ್ತಳು. ನಾನು ಗೋಡೆಗೆ ಆತು ನಿಂತೆ.

ಅಷ್ಟರಲ್ಲಿ ಬಾಗಿಲು ತೆರೆದು, ಮಾವನನ್ನು ಮಲಗಿಸಿದ ಗಾಲಿ ಮಂಚವನ್ನು ತಳ್ಳಿಕೊಂಡು ಬಂದರು. ನಾನು ಪಕ್ಕದಲ್ಲಿ ಓಡಿದೆ. ಮಾವ ತಲೆ ಹೊರಳಿಸಿ, ನೆಲದ ಮೇಲೆ ಕೂತು ಅಳುತ್ತಿದ್ದ ಅತ್ತೆಯನ್ನು ನೋಡಿದರು. ಅವರ ಮುಖ ಇಳಿದುಹೋಯಿತು. ಮುಖಕ್ಕೆ ಹಾಕಿದ್ದ ಆಮ್ಲಜನಕದ ಮುಸುಕನ್ನು ಒಂದಿಷ್ಟು ಸರಿಸಿ, ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದರು:

“ಯಾಕ ಅಳಾಕತ್ತಾಳ ಅಳಿಯಂದ್ರ, ಡಾಕ್ಟರು ಗ್ಯಾಸ್ ಅಂತ ಹೇಳಿದ್ರೇನು?”